ಎಂಟನೆಯ ವಚನದ ಮೌನ: ಸಂತ ಮಾರ್ಕನ ಶುಭಸಂದೇಶದ ಅಂತ್ಯ ಮತ್ತು ನಮ್ಮ ಪಾಸ್ಖ ವಾಚನ

ರೋಮನ್ ವಿಧಿಯ ವಾಚನ ಕ್ರಮದಂತೆ ‘ಬಿ’ ವರ್ಷದ ಪಾಸ್ಖ ಜಾಗರಣೆಯಲ್ಲಿ ಘೋಷಿಸಲ್ಪಡುವುದು ಸಂತ ಮಾರ್ಕನ ಶುಭಸಂದೇಶದ 16:1-7. ಮೂವರು ಸ್ತ್ರೀಯರು ಸುಗಂಧದ್ರವ್ಯಗಳೊಡನೆ ಸಮಾಧಿಗೆ ಬರುತ್ತಾರೆ. ಕಲ್ಲು ಉರುಳಿರುವುದನ್ನು ಕಾಣುತ್ತಾರೆ. ಬಿಳಿಯ ನಿಲುವಂಗಿ ತೊಟ್ಟ ಯುವಕನೊಬ್ಬನು, ಶಿಲುಬೆಗೇರಿಸಲ್ಪಟ್ಟ ಯೇಸು ಇಲ್ಲಿಲ್ಲ, ಎದ್ದಿದ್ದಾರೆ ಎಂದು ಅವರಿಗೆ ತಿಳಿಸುತ್ತಾನೆ. ಈ ಸುದ್ದಿಯನ್ನು ಶಿಷ್ಯರಿಗೂ ಪೇತ್ರನಿಗೂ ಮುಟ್ಟಿಸಲು ಅವರನ್ನು ಕಳುಹಿಸುತ್ತಾನೆ. ಅಲ್ಲಿಗೆ ವಾಚನ ಮುಗಿಯುತ್ತದೆ. ಯಾಜಕನು ಗ್ರಂಥಕ್ಕೆ ಮುತ್ತಿಡುತ್ತಾನೆ. ಗಾಯನವೃಂದವು ಮತ್ತೆ ಅಲ್ಲೆಲೂಯಕ್ಕೆ ಅಣಿಯಾಗುತ್ತದೆ.

ಮಾರ್ಕನು ಮಾತ್ರ ಅಲ್ಲಿಗೆ ಮುಗಿಸಿಲ್ಲ. ಎಂಟನೆಯ ವಚನದಲ್ಲಿ ಆ ಸ್ತ್ರೀಯರು ಸಮಾಧಿಯಿಂದ ಹೊರಬಿದ್ದು ಓಡುತ್ತಾರೆ. ನಡುಕವೂ ದಿಗ್ಭ್ರಮೆಯೂ ಅವರನ್ನು ಆವರಿಸಿರುತ್ತದೆ. ಯಾರಿಗೂ ಏನನ್ನೂ ಹೇಳುವುದಿಲ್ಲ. ಕಾರಣ, ಅವರಿಗೆ ಭಯ. ಅತಿ ಪುರಾತನವಾದ ಎರಡು ಮಹಾ ಗ್ರೀಕ್ ಹಸ್ತಪ್ರತಿಗಳಲ್ಲಿ ಈ ಶುಭಸಂದೇಶದ ಕೊನೆಯ ಮಾತು ಇದೇ.

ಈ ವಚನವು ನಮ್ಮ ಬಲಿಪೂಜೆಯ ವಾಚನಗಳಲ್ಲಿ ಬೇರೆಲ್ಲಿಯಾದರೂ ಬರುತ್ತದೆಯೇ ಎಂದು ನಾವು ಹುಡುಕಿದೆವು. ಪಾಸ್ಖ ಅಷ್ಟಾಹದ ಶನಿವಾರದಂದು 16:9-15 ಓದಲ್ಪಡುತ್ತದೆ. ‘ಬಿ’ ವರ್ಷದ ಸ್ವರ್ಗಾರೋಹಣ ಹಬ್ಬದಂದೂ ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಕ್ಸೇವಿಯರರ ಹಬ್ಬದಂದೂ 16:15-20. ಮೃತರಿಗಾಗಿ ಅರ್ಪಿಸುವ ಬಲಿಪೂಜೆಗೆ ಸೂಚಿತವಾದ ವಾಚನಗಳಲ್ಲಿ ಮಾರ್ಕನದೂ ಒಂದಿದೆ: 15:33-39 ಮತ್ತು 16:1-6. ಅಂದರೆ ಜಾಗರಣೆಯ ರಾತ್ರಿ ಏಳಕ್ಕೆ ನಿಲ್ಲುವ ವಾಚನವು ಶವಪೆಟ್ಟಿಗೆಯ ಮುಂದೆ ಆರಕ್ಕೇ ನಿಲ್ಲುತ್ತದೆ. ಏಳರವರೆಗೂ ಒಂಬತ್ತರಿಂದಾಚೆಗೂ ಧರ್ಮಸಭೆ ಓದುತ್ತದೆ, ಎಂಟನೆಯದನ್ನು ಓದುವುದಿಲ್ಲ. ಇದು ಇಂದಿನ ಸುಧಾರಕರ ಕೈಚಳಕವೆಂದು ಯಾರೂ ದೂರಬೇಕಾಗಿಲ್ಲ. ಹಳೆಯ ಲತೀನ್ ಬಲಿಪೂಜಾ ಗ್ರಂಥದಲ್ಲಿಯೂ ಪಾಸ್ಖ ಭಾನುವಾರದ ಶುಭಸಂದೇಶ ಮಾರ್ಕ 16:1-7 ಆಗಿತ್ತು. ಪಶ್ಚಿಮದ ಧರ್ಮಸಭೆಗೆ ಎಂಟನೆಯ ವಚನದ ಬಗೆಗಿನ ಮುಜುಗರ ಬಹಳ ಹಳೆಯದು. ಪೂರ್ವದ ಬೈಜಾಂಟಿಯನ್ ಪರಂಪರೆ ಹೀಗಿಲ್ಲ. ಸುಗಂಧದ್ರವ್ಯ ಹೊತ್ತ ಸ್ತ್ರೀಯರ ಭಾನುವಾರದಂದು ಅವರು 15:43ರಿಂದ 16:8ರವರೆಗೆ ಓದಿ, ಆ ಭಯದ ಮೇಲೆಯೇ ಗ್ರಂಥವನ್ನು ಮುಚ್ಚುತ್ತಾರೆ.

ಮುಜುಗರದ ಅತ್ಯಂತ ಸ್ಪಷ್ಟವಾದ ಗುರುತು ಒಂದು ಲತೀನ್ ಹಸ್ತಪ್ರತಿಯಲ್ಲಿದೆ. ಹಿಂದೆ ಬಾಬ್ಬಿಯೊ ಮಠದಲ್ಲಿದ್ದು ಈಗ ಟ್ಯೂರಿನ್ ನಗರದಲ್ಲಿರುವ, ನಾಲ್ಕು ಅಥವಾ ಐದನೆಯ ಶತಮಾನದ ‘ಬಾಬ್ಬಿಯೆನ್ಸಿಸ್’ ಪ್ರತಿ ಅದು. ಅದರ ಲಿಪಿಕಾರನು, ಅಥವಾ ಅವನ ಮುಂದಿದ್ದ ಮೂಲಪ್ರತಿಯವನು, ಮೂರು ಕೆಲಸ ಮಾಡಿದ್ದಾನೆ. ಎಂಟನೆಯ ವಚನದಲ್ಲಿ ಸ್ತ್ರೀಯರು ಯಾರಿಗೂ ಏನೂ ಹೇಳಲಿಲ್ಲವೆಂಬ ಭಾಗವನ್ನು ತೆಗೆದಿದ್ದಾನೆ. ಅದರ ಬೆನ್ನಿಗೇ ಅವರು ಪೇತ್ರನ ಸಂಗಡಿಗರಿಗೆ ಎಲ್ಲವನ್ನೂ ಸಂಕ್ಷೇಪವಾಗಿ ತಿಳಿಸಿದರೆಂಬ ಕಿರಿಯ ಅಂತ್ಯವನ್ನು ಸೇರಿಸಿದ್ದಾನೆ. ಇಷ್ಟು ಸಾಲದೆಂಬಂತೆ, ಸ್ತ್ರೀಯರು ಸಮಾಧಿಗೆ ಬರುವಲ್ಲಿ, ಕತ್ತಲೆ ಕವಿದು ದೇವದೂತರು ಇಳಿದುಬಂದು ಕ್ರಿಸ್ತರು ಪ್ರಭೆಯಲ್ಲಿ ಏರಿಹೋಗುವ ದೃಶ್ಯವನ್ನೂ ತುಂಬಿದ್ದಾನೆ. ನಾಲ್ಕು ಶುಭಸಂದೇಶಗಳಲ್ಲಿ ಒಂದಾದರೂ ಪುನರುತ್ಥಾನದ ಆ ಕ್ಷಣವನ್ನು ವರ್ಣಿಸುವುದಿಲ್ಲ. ವರ್ಣಿಸುವುದು ಸಮಾಧಿಯಿಂದ ಹೊರಬರುವ ಬೃಹದಾಕೃತಿಗಳನ್ನೂ ಮಾತನಾಡುವ ಶಿಲುಬೆಯನ್ನೂ ತೋರಿಸುವ ‘ಪೇತ್ರನ ಶುಭಸಂದೇಶ’ವೆಂಬ, ಧರ್ಮಸಭೆ ಅಂಗೀಕರಿಸದ ಬರಹ. ಮೌನವನ್ನು ಅಳಿಸಬೇಕೆಂಬ ಆಸೆ ಮತ್ತು ಪುನರುತ್ಥಾನವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಬೇಕೆಂಬ ಆಸೆ, ಎರಡೂ ಒಂದೇ ಕೈಯಲ್ಲಿ ಕೂಡಿ ಬಂದುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಬಾವುಟ ಹಿಡಿದು ಸಮಾಧಿಯಿಂದ ಮೇಲೇಳುವ ಕ್ರಿಸ್ತರ ಪಟವನ್ನು ಪಾಸ್ಖ ಹಬ್ಬದಂದು ಪೀಠದ ಹಿಂದೆ ಇಡುವ ನಾವು ಆ ಲಿಪಿಕಾರನಿಂದ ಬಹಳ ದೂರವೇನೂ ಇಲ್ಲ.

ವಾಟಿಕಾನುಸ್ ಪ್ರತಿಯ ಲಿಪಿಕಾರನದು ಬೇರೆ ದಾರಿ. ನಾಲ್ಕನೆಯ ಶತಮಾನದ ಆ ಪ್ರತಿಯಲ್ಲಿ ಮಾರ್ಕನು ಎಂಟನೆಯ ವಚನಕ್ಕೆ ಮುಗಿಯುತ್ತಾನೆ. ಅದರ ಮುಂದಿನ ಒಂದು ಕಂಬಸಾಲು ಪೂರ್ತಿ ಬರಿದಾಗಿದೆ. ಆ ಲಿಪಿಕಾರನಿಗೆ ಇನ್ನೊಂದು ಅಂತ್ಯ ಗೊತ್ತಿತ್ತೇ, ಅದಕ್ಕಾಗಿ ಸ್ಥಳ ಬಿಟ್ಟನೇ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ದೀರ್ಘ ಅಂತ್ಯವಂತೂ ಎರಡನೆಯ ಶತಮಾನದಲ್ಲೇ ಚಲಾವಣೆಯಲ್ಲಿತ್ತು. ಸಂತ ಇರೆನೇಯುಸರು ಅದರಿಂದ ಉದ್ಧರಿಸಿದ್ದಾರೆ. ನಿಖರವಾದ ಪ್ರತಿಗಳು ಎಂಟಕ್ಕೇ ಮುಗಿಯುತ್ತವೆಂದು ಯೂಸೇಬಿಯಸರು ಬರೆದರು. ಸಂತ ಜೆರೋಮರು ಅದನ್ನೇ ಪುನರುಚ್ಚರಿಸಿದರು, ಆದರೂ ತಮ್ಮ ಲತೀನ್ ಅನುವಾದದಲ್ಲಿ ದೀರ್ಘ ಅಂತ್ಯವನ್ನು ಉಳಿಸಿಕೊಂಡರು. 1546ರಲ್ಲಿ ತ್ರೆಂತ್ ಮಹಾಸಭೆಯು ಪವಿತ್ರ ಗ್ರಂಥಗಳನ್ನು ಅವುಗಳ ಎಲ್ಲ ಭಾಗಗಳೊಡನೆ ಸ್ವೀಕರಿಸಬೇಕೆಂದು ಸಾರಿತು. ಆದ್ದರಿಂದ 9ರಿಂದ 20ರವರೆಗಿನ ವಚನಗಳನ್ನು ಕಳಚಿಹಾಕುವುದು ನಮ್ಮ ಉದ್ದೇಶವಲ್ಲ. ಅವು ಮಾರ್ಕನ ಕೈಬರಹವಲ್ಲದಿದ್ದರೂ ಧರ್ಮಸಭೆಗೆ ದೇವರ ವಾಕ್ಯವೇ. ಆದರೆ ‘ಎಲ್ಲ ಭಾಗಗಳೊಡನೆ’ ಎಂಬ ಮಾತು ಎಂಟನೆಯ ವಚನಕ್ಕೂ ಅನ್ವಯಿಸುತ್ತದೆಯಲ್ಲವೇ?

ಈ ಅಂತ್ಯವನ್ನು ಕುರಿತ ಆಧುನಿಕ ವಿಮರ್ಶೆ ಎರಡು ಪಂಗಡವಾಗಿದೆ. ಕಳೆದುಹೋದ ಹಾಳೆಯ ಪಕ್ಷವನ್ನು ನಮ್ಮ ಕಾಲದಲ್ಲಿ ಸಮರ್ಥವಾಗಿ ಎತ್ತಿ ಹಿಡಿದವರಲ್ಲಿ ಎನ್. ಟಿ. ರೈಟ್ ಒಬ್ಬರು. ದೇವರ ಪುತ್ರನ ಪುನರುತ್ಥಾನವನ್ನು ಕುರಿತು 2003ರಲ್ಲಿ ಪ್ರಕಟವಾದ ಅವರ ಬೃಹದ್ಗ್ರಂಥದಲ್ಲಿ, ಮಾರ್ಕನು ಮುಂದೆಯೂ ಬರೆದಿರಬೇಕು, ಸುರುಳಿಯ ತುದಿ ಹರಿದುಹೋಗಿರಬೇಕು ಎಂಬ ಅಭಿಪ್ರಾಯವಿದೆ. ಇನ್ನೊಂದು ಪಕ್ಷದಲ್ಲಿ ಸಾಹಿತ್ಯ ವಿಮರ್ಶಕ ಫ್ರಾಂಕ್ ಕರ್ಮೋಡ್ ಇದ್ದಾರೆ. 1979ರ ತಮ್ಮ ಪುಸ್ತಕದಲ್ಲಿ ಅವರು ಈ ಥಟ್ಟನೆಯ ನಿಲುಗಡೆಯನ್ನು ಇಡೀ ಕಥನದ ಗೂಢತೆಯೊಡನೆ ಸೇರಿಸಿ ಓದಿದರು. ಕರ್ಮೋಡರ ಓದು ನಮಗೆ ಇಷ್ಟ. ಅವರು ತಲುಪುವ ಎಡೆ ಇಷ್ಟವಿಲ್ಲ. ಅವರಲ್ಲಿ ಓದುಗನು ಕೊನೆಗೂ ಬಾಗಿಲ ಹೊರಗೇ ನಿಲ್ಲುತ್ತಾನೆ. ಮಾರ್ಕನು ಬರೆದುದು ಈಗಾಗಲೇ ಬಾಗಿಲ ಒಳಗಿದ್ದವರಿಗೆ, ಪುನರುತ್ಥಾನವನ್ನು ನಂಬಿ ದೀಕ್ಷಾಸ್ನಾನ ಪಡೆದು, ನಂಬಿದ ಮೇಲೆಯೂ ಹೆದರುತ್ತಿದ್ದವರಿಗೆ. ಮಾರ್ಕನಿಗಿಂತ ಮುಂಚೆಯೇ ಸಂತ ಪೌಲನು ಕೊರಿಂಥಿಯರಿಗೆ ಬರೆದ ಮೊದಲ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ ಪುನರುತ್ಥಿತರ ದರ್ಶನ ಪಡೆದವರ ಪಟ್ಟಿಯನ್ನು ಕೊಟ್ಟಿದ್ದನು. ಸುದ್ದಿ ಹೊರಬಂದಿತ್ತೆಂಬುದು ಮಾರ್ಕನ ಓದುಗರಿಗೆ ತಿಳಿದ ಸಂಗತಿ. ಹಾಗಿದ್ದೂ ಆತನು ಮೌನವನ್ನು ದಾಖಲಿಸಿದನು.

ರೈಟ್ ಅವರ ವಾದವನ್ನು ಅಲ್ಲಗಳೆಯಲು ನಮ್ಮ ಬಳಿ ನಿರ್ಣಾಯಕ ಸಾಕ್ಷ್ಯವಿಲ್ಲ. ಗ್ರೀಕಿನಲ್ಲಿ ಒಂದು ಕೃತಿ ‘ಗಾರ್’ ಎಂಬ ಅವ್ಯಯದಿಂದ ಮುಗಿಯಲಾರದೆಂಬ ಹಳೆಯ ಆಕ್ಷೇಪ ಮಾತ್ರ ಬಿದ್ದುಹೋಗಿದೆ. ತತ್ತ್ವಜ್ಞಾನಿ ಪ್ಲಾಟಿನಸ್‌ನ ಒಂದು ಪ್ರಬಂಧ ಆ ಪದದಿಂದಲೇ ಮುಗಿಯುತ್ತದೆಂದು ವಾನ್ ಡರ್ ಹಾರ್ಸ್ಟ್ 1972ರಲ್ಲಿ ತೋರಿಸಿದರು. ಹಾಳೆ ಹರಿದಿತ್ತೋ ಇಲ್ಲವೋ, ನಮಗೆ ಒಪ್ಪಿಸಲಾಗಿರುವ ಪಠ್ಯದಲ್ಲಿ ಈ ಅಂತ್ಯಕ್ಕೂ ಹಿಂದಿನ ಅಧ್ಯಾಯಗಳಿಗೂ ಇರುವ ಹೆಣಿಗೆ ಬಲು ಬಿಗಿಯಾಗಿದೆ.

ಆ ಹೆಣಿಗೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಮೊದಲ ಅಧ್ಯಾಯದ ಕುಷ್ಠರೋಗಿಗೆ ಯಾರಿಗೂ ಹೇಳಬೇಡವೆಂದು ಯೇಸು ಕಟ್ಟಪ್ಪಣೆ ಮಾಡುತ್ತಾರೆ. ಅವನು ಊರೆಲ್ಲ ಸಾರುತ್ತಾನೆ. ಏಳನೆಯ ಅಧ್ಯಾಯದಲ್ಲಿ ಎಷ್ಟು ತಡೆದರೋ ಅಷ್ಟೂ ಹೆಚ್ಚಾಗಿ ಜನ ಸಾರುತ್ತಾರೆ. ಹೇಳಿರಿ ಎಂಬ ಅಪ್ಪಣೆ ಹೊರಟಾಗ ಮಾತ್ರ ನಾಲಿಗೆ ಕಟ್ಟುತ್ತದೆ. ಇನ್ನು ಓಟ. ಗೆತ್ಸೆಮನೆಯಲ್ಲಿ ಶಿಷ್ಯರೆಲ್ಲರೂ ಓಡುತ್ತಾರೆ, ನಾರುಬಟ್ಟೆ ಹೊದ್ದಿದ್ದ ಯುವಕನೂ ಅದನ್ನು ಬಿಟ್ಟು ಓಡುತ್ತಾನೆ. ಗಂಡಸರು ಓಡಿದ ಮೇಲೂ ಶಿಲುಬೆಯನ್ನು ದೂರದಿಂದ ನೋಡುತ್ತ ನಿಂತವರು, ದೇಹವನ್ನು ಇಟ್ಟ ಸ್ಥಳವನ್ನು ಗುರುತಿಟ್ಟುಕೊಂಡವರು ಈ ಸ್ತ್ರೀಯರು. ಗಂಡಸರ ಓಟಕ್ಕೆ ಬಳಸಿದ ಅದೇ ಕ್ರಿಯಾಪದವನ್ನು ಮಾರ್ಕನು ಕೊನೆಯಲ್ಲಿ ಇವರಿಗೂ ಬಳಸುತ್ತಾನೆ. ಅಲ್ಲಿಗೆ ಮಾರ್ಕನ ಶುಭಸಂದೇಶದಲ್ಲಿ ಓಡದೆ ಉಳಿದವರು ಯಾರೂ ಇಲ್ಲ. ನಂಬಿಗಸ್ತರೆಂದು ನಾವು ಬೆರಳು ತೋರಿಸಬಹುದಾದ ಕೊನೆಯ ಮೂವರನ್ನೂ ಆತನು ನಮ್ಮಿಂದ ಕಸಿದುಕೊಳ್ಳುತ್ತಾನೆ. ಇಲ್ಲಿ ಸ್ತ್ರೀಯರನ್ನು ಹೀಗಳೆಯುವ ಉದ್ದೇಶವಿದೆಯೆಂದು ಕೆಲವರು ಓದಿದ್ದುಂಟು. ಪೇತ್ರನನ್ನು ಆತನು ಹೇಗೆ ಚಿತ್ರಿಸಿದ್ದಾನೆಂಬುದನ್ನು ಪಕ್ಕದಲ್ಲಿಟ್ಟರೆ ಆ ಓದು ನಿಲ್ಲುವುದಿಲ್ಲ.

ಭಯವೆಂಬುದು ಮಾರ್ಕನಲ್ಲಿ ನಂಬಿಕೆಯ ಸರಳ ವಿರೋಧಪದವಲ್ಲ. ಬಿರುಗಾಳಿ ಅಡಗಿದ ಮೇಲೆ ಶಿಷ್ಯರಿಗೆ ಭಯ ಹೆಚ್ಚಾಗುತ್ತದೆ. ರೂಪಾಂತರದ ಬೆಟ್ಟದಲ್ಲಿ ಪೇತ್ರನಿಗೆ ಏನು ಹೇಳಬೇಕೆಂದು ತೋಚುವುದಿಲ್ಲ, ಕಾರಣ ಭಯ. ಅಲ್ಲಿಯೂ ಅದೇ ‘ಗಾರ್’. ಜೆರುಸಲೇಮಿಗೆ ಏರುವ ದಾರಿಯಲ್ಲಿ ಹಿಂಬಾಲಿಸುವವರು ಹೆದರುತ್ತಲೇ ಹಿಂಬಾಲಿಸುತ್ತಾರೆ. ಐದನೆಯ ಅಧ್ಯಾಯದ ರಕ್ತಸ್ರಾವದ ಸ್ತ್ರೀಯು ನಮ್ಮ ಮೂವರಿಗೆ ಅತ್ಯಂತ ಹತ್ತಿರದವಳು. ಆಕೆಗೂ ಭಯ, ಆಕೆಗೂ ನಡುಕ. ಆಕೆಯೂ ಮೊದಲು ಮೌನವಾಗಿ ಜನರ ನಡುವೆ ಮರೆಯಾಗಿದ್ದವಳು. ಯೇಸು ತಿರುಗಿ ನೋಡಿ ಹುಡುಕಿದ ಮೇಲೆ ಬಂದು ಅಡ್ಡಬಿದ್ದು ಇದ್ದದ್ದನ್ನೆಲ್ಲ ಹೇಳುತ್ತಾಳೆ. ಅವರು ಆಕೆಯನ್ನು ಮಗಳೆಂದು ಕರೆಯುತ್ತಾರೆ. ಮೌನವನ್ನು ಒಡೆದುದು ಆಕೆಯ ಧೈರ್ಯವಲ್ಲ, ಅವರ ಹುಡುಕಾಟ. ಏಳನೆಯ ವಚನದ ಆಶ್ವಾಸನೆಯೂ ಇದೇ ಬಗೆಯದು. ಅವರು ಗಲಿಲೇಯಕ್ಕೆ ಮುಂದಾಗಿ ಹೋಗುತ್ತಿದ್ದಾರೆ; ಸುದ್ದಿ ತಲುಪಲಿ ತಲುಪದಿರಲಿ, ಹೋಗುತ್ತಿರುವುದಂತೂ ನಿಜ. ಪುನರುತ್ಥಾನವು ಸಾಕ್ಷಿಗಳ ಕೆಚ್ಚೆದೆಯನ್ನು ಆಧರಿಸಿ ನಿಂತಿಲ್ಲವೆಂಬುದನ್ನು ಎಂಟನೆಯ ವಚನದಷ್ಟು ನಿಷ್ಠುರವಾಗಿ ಹೇಳುವ ವಾಕ್ಯ ಹೊಸ ಒಡಂಬಡಿಕೆಯಲ್ಲಿ ಇನ್ನೊಂದನ್ನು ನಾವು ಕಾಣೆವು. ಮತ್ತಾಯನು ಭಯದ ಪಕ್ಕದಲ್ಲಿ ಮಹಾ ಸಂತೋಷವನ್ನು ಇಟ್ಟು ಸ್ತ್ರೀಯರನ್ನು ಸುದ್ದಿ ಮುಟ್ಟಿಸಲು ಓಡಿಸಿದನು. ಲೂಕನಲ್ಲಿ ಅವರು ಹೇಳುತ್ತಾರೆ, ಪ್ರೇಷಿತರು ಅದನ್ನು ಹುಚ್ಚು ಮಾತೆಂದು ತಳ್ಳಿಹಾಕುತ್ತಾರೆ. ಮೂರನ್ನೂ ಒಂದೇ ಹದಕ್ಕೆ ತರುವ ಪ್ರಬೋಧನೆ ಮೂರನ್ನೂ ಕೆಡಿಸುತ್ತದೆ.

ಇಲ್ಲಿ ನಮ್ಮ ಭಾಷೆಯ ಕುರಿತು ಒಂದೆರಡು ಮಾತು. ಕನ್ನಡದ ಜಾಯಮಾನದಲ್ಲಿ ಕಾರಣ ಮುಂದೆ ಬರುತ್ತದೆ, ಕ್ರಿಯೆ ಹಿಂದೆ. ‘ಹೆದರಿದ್ದರಿಂದ ಹೇಳಲಿಲ್ಲ’ ಎಂದು ಬರೆದರೆ ವಾಕ್ಯ ಸಲೀಸು. ಆದರೆ ಶುಭಸಂದೇಶದ ಕಡೆಯ ಪದ ಭಯವಾಗುವ ಬದಲು ಹೇಳದಿರುವಿಕೆಯಾಗುತ್ತದೆ. ‘ಏಕೆಂದರೆ’ ಎಂದು ನಡುವೆ ಸೇರಿಸಿದರೆ ಭಯ ಕೊನೆಗೆ ಬರುತ್ತದೆ, ಆದರೆ ಗ್ರೀಕಿನಲ್ಲಿ ತೂಗಾಡುವ ವಾಕ್ಯ ಕನ್ನಡದಲ್ಲಿ ವಿವರಣೆಯಾಗಿ ಕುಳಿತುಬಿಡುತ್ತದೆ. ಆಡುಮಾತಿನ ‘ಹೆದರಿದ್ದರಲ್ಲಾ’ ಎಂಬುದು ಮೂಲಕ್ಕೆ ಹೆಚ್ಚು ಸಮೀಪವೆಂದು ನಮ್ಮ ವಿದ್ಯಾರ್ಥಿಯೊಬ್ಬರು ತರಗತಿಯಲ್ಲಿ ಸೂಚಿಸಿದರು. ಪೀಠದಿಂದ ಓದಲು ಅದು ಒಗ್ಗದು. ಕಿವಿಗೆ ಮಾತ್ರ ಅದೇ ಸರಿಯೆನಿಸಿತು.

ಇನ್ನೊಂದು ಅಪಾಯ ‘ಭಯಭಕ್ತಿ’ ಎಂಬ ನಮ್ಮ ಜೋಡುಪದದಲ್ಲಿದೆ. ಎಂಟನೆಯ ವಚನವನ್ನು ಎತ್ತಿಕೊಳ್ಳುವ ಅಪರೂಪದ ಪ್ರಬೋಧಕರೂ ಅದನ್ನು ಭಯಭಕ್ತಿಯಾಗಿ ಹದಗೊಳಿಸಿ ಮುಂದೆ ಸಾಗುತ್ತಾರೆ. ಮಾರ್ಕನು ಬಳಸಿದ ‘ಟ್ರೋಮೋಸ್’ ಮೈಯ ನಡುಕ. ‘ಎಕ್‌ಸ್ತಾಸಿಸ್’ ತಾನು ತನ್ನಿಂದ ಆಚೆಗೆ ಬಿದ್ದ ಸ್ಥಿತಿ. ಎರಡನೆಯದಕ್ಕೆ ಶರಣರು ಬಳಸಿದ ‘ಬೆರಗು’ ಎಂಬ ಪದವನ್ನು ತರಬಹುದೆಂದು ನಾವು ಒಮ್ಮೆ ಉತ್ಸಾಹದಿಂದ ಬರೆದಿದ್ದೆವು. ಈಗ ಅಷ್ಟು ನಿಶ್ಚಯವಿಲ್ಲ. ವಚನಕಾರರ ಬೆರಗಿನಲ್ಲಿ ಮಾತು ನಿಲ್ಲುವುದು ಅನುಭಾವ ತುಂಬಿದ್ದಕ್ಕೆ. ಈ ಸ್ತ್ರೀಯರ ಮಾತು ನಿಂತದ್ದು ಬರಿದಾದ ಸಮಾಧಿಯ ಮುಂದೆ, ಹೊರಲಾರದ ಹೊಣೆ ಹೆಗಲೇರಿದ ಗಳಿಗೆಯಲ್ಲಿ. ಪದ ಸಿಕ್ಕಿತೆಂದು ಅರ್ಥವನ್ನು ಅದರೊಳಗೆ ತುರುಕುವುದು ಸಂಸ್ಕೃತ್ಯಾನುಸರಣೆಯ ಹೆಸರಿನಲ್ಲಿ ನಾವು ಮಾಡುವ ಸಾಮಾನ್ಯ ತಪ್ಪು.

ವಾಚನ ಕ್ರಮವನ್ನು ರೂಪಿಸಿದವರ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡೋಣ. 1981ರ ಎರಡನೆಯ ಆವೃತ್ತಿಯ ಪೀಠಿಕೆಯು ಕ್ಲಿಷ್ಟವಾದ ಭಾಗಗಳನ್ನು ಭಾನುವಾರಗಳಲ್ಲಿ ಪಾಲನಾ ಕಾರಣಗಳಿಗಾಗಿ ತಪ್ಪಿಸಲಾಗಿದೆಯೆಂದು ಮುಚ್ಚುಮರೆಯಿಲ್ಲದೆ ತಿಳಿಸುತ್ತದೆ. ಅದರ ಮುಂದಿನ ಪರಿಚ್ಛೇದವೇ, ವಚನಗಳನ್ನು ಬಿಡುವ ಪದ್ಧತಿ ಅನೇಕ ಆರಾಧನಾ ಪರಂಪರೆಗಳಲ್ಲಿದ್ದರೂ ಪಠ್ಯದ ಆಶಯಕ್ಕೆ ಊನ ಬರುವಂತೆ ಹಗುರವಾಗಿ ಹಾಗೆ ಮಾಡಬಾರದೆಂದು ಎಚ್ಚರಿಸುತ್ತದೆ. ಜಾಗರಣೆಯ ರಾತ್ರಿ, ಹೊಸದಾಗಿ ದೀಕ್ಷಾಸ್ನಾನ ಪಡೆಯಲು ನಿಂತವರ ಮುಂದೆ, ಶುಭಸಂದೇಶವು ಸೋಲಿನಲ್ಲಿ ಮುಗಿಯಬಾರದೆಂಬ ಕಾಳಜಿ ಸಣ್ಣದಲ್ಲ. ಆದರೆ ಈ ವಚನವನ್ನು ಬಿಟ್ಟಾಗ ಮಾರ್ಕನ ಆಶಯಕ್ಕೆ ಊನ ಬಂದಿಲ್ಲವೆಂದು ಹೇಳಲು ನಮ್ಮಿಂದಾಗದು. ಪವಿತ್ರ ಗ್ರಂಥದ ಭಂಡಾರವನ್ನು ಇನ್ನಷ್ಟು ಉದಾರವಾಗಿ ತೆರೆಯಬೇಕೆಂದು ಎರಡನೆಯ ವಾಟಿಕನ್ ಮಹಾಸಭೆ ಆದೇಶಿಸಿ ಆರು ದಶಕಗಳು ಕಳೆದಿವೆ.

ಈ ಪ್ರಶ್ನೆ ನಮಗೆ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ. 2021ರ ಪಾಸ್ಖ ಹಬ್ಬ ಏಪ್ರಿಲ್ 4ರಂದು ಬಂದಿತು. ಅದೂ ‘ಬಿ’ ವರ್ಷ. ಜಾಗರಣೆಯಲ್ಲಿ ನಾವು ಉರುಳಿದ ಕಲ್ಲಿನ ಕುರಿತು ಪ್ರಬೋಧಿಸಿದೆವು. ನಿಮ್ಮ ನಿಮ್ಮ ಬದುಕಿನ ಕಲ್ಲು ಯಾವುದೆಂದು ಕೇಳಿದೆವು. ಎಲ್ಲರೂ ಪ್ರತಿವರ್ಷ ಕೇಳುವ ಪ್ರಶ್ನೆ. ತಿಂಗಳು ಕಳೆಯುವಷ್ಟರಲ್ಲಿ ಕೋವಿಡ್‌ನ ಎರಡನೆಯ ಅಲೆ ಬಡಿಯಿತು. ಮೇ ತಿಂಗಳ ಒಂದು ಮಧ್ಯಾಹ್ನ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ದೇಹವನ್ನು ಪಿಪಿಇ ಕಿಟ್ ತೊಟ್ಟ ನಾಲ್ವರು ಸ್ವಯಂಸೇವಕರು ಸ್ಮಶಾನಕ್ಕೆ ತಂದರು. ಮೃತರ ಪತ್ನಿ ಗೇಟಿನ ಹೊರಗೆ ನಿಂತಿದ್ದರು, ಕೈಯಲ್ಲೊಂದು ಬಟ್ಟೆಯ ಚೀಲ. ಅದರಲ್ಲಿ ಇಸ್ತ್ರಿ ಮಾಡಿದ ಬಿಳಿ ಪಂಚೆ, ಅಂಗಿ, ಒಂದು ಜಪಮಾಲೆ. ಸ್ನಾನ ಮಾಡಿಸಿ, ಉಡಿಸಿ, ಕೈಗೆ ಜಪಮಾಲೆ ಸುತ್ತಿ ಕಳುಹಿಸುವುದು ನಮ್ಮ ಮನೆಗಳ ಪದ್ಧತಿ, ಅದಾವುದಕ್ಕೂ ಅವಕಾಶವಿರಲಿಲ್ಲ. ನಾವು ದೂರ ನಿಂತು ಮಾರ್ಕನ ವಾಚನವನ್ನು ಓದಿದೆವು. ಸುಗಂಧದ್ರವ್ಯಗಳನ್ನು ಕೊಂಡುತಂದ ಸ್ತ್ರೀಯರ ಮಾತು ಬಂದಾಗ ನಮ್ಮ ಧ್ವನಿ ತಡವರಿಸಿತು. ಆರನೆಯ ವಚನಕ್ಕೆ ವಾಚನ ಮುಗಿಯಿತು. ತಲೆಯೆತ್ತಿ ನೋಡಿದರೆ ಗೇಟಿನ ಬಳಿ ಆ ತಾಯಿ ಇರಲಿಲ್ಲ. ಅವರು ಹೊರಟುಹೋದರೆಂದು, ಓಡುತ್ತಲೇ ಹೋದರೆಂದು ಆಟೋದವನು ಹೇಳಿದನು.

ಪುಸ್ತಕದಲ್ಲಿ ಎಂಟನೆಯ ವಚನವಿರಲಿಲ್ಲ, ರಸ್ತೆಯಲ್ಲಿತ್ತು. ಆ ತಾಯಿಯ ನಂಬಿಕೆ ಕುಂದಿತೆಂದು ಅಂದು ಧರ್ಮಕೇಂದ್ರದಲ್ಲಿ ಕೆಲವರು ಆಡಿಕೊಂಡರು. ಅವರನ್ನು ನಾವು ತಿದ್ದಲಿಲ್ಲ. ತಿದ್ದಲು ಬೇಕಾದ ವಾಕ್ಯವನ್ನು ಅವರೂ ಕೇಳಿರಲಿಲ್ಲ, ನಾವೂ ಎಂದೂ ಪ್ರಬೋಧಿಸಿರಲಿಲ್ಲ. ಪಾಸ್ಖದ ಮುಂಜಾವಿನಲ್ಲಿ ಹೆದರಿ ಓಡಿದವರಿಗೂ ಶುಭಸಂದೇಶದೊಳಗೇ ಒಂದು ಎಡೆಯಿದೆಯೆಂದು, ಅದೂ ಅದರ ಕಟ್ಟಕಡೆಯ ಸಾಲಿನಲ್ಲಿದೆಯೆಂದು ತಿಳಿಯದ ಸಭೆಗೆ, ಓಡಿದವರೆಲ್ಲ ಹೊರಗಿನವರಾಗಿಯೇ ಕಾಣುತ್ತಾರೆ. ಸಕಲ ಮೃತರ ಸ್ಮರಣೆಯ ದಿನ, ಅದೇ ವರ್ಷದ ನವೆಂಬರ್ 2ರಂದು, ಆ ತಾಯಿ ಮೊದಲ ಬಾರಿ ಸ್ಮಶಾನಕ್ಕೆ ಬಂದರು. ‘ಎಲ್ಲಿ ಇಟ್ಟಿದ್ದೀರಿ, ಸ್ವಾಮಿ?’ ಎಂದು ಕೇಳಿದರು. ಆ ಸಾಲಿನ ಸಮಾಧಿಗಳು ಒಂದೇ ತೆರನಾಗಿದ್ದುದರಿಂದ ನಮಗೂ ಗುರುತು ಹತ್ತಲಿಲ್ಲ. ಗುಂಡಿ ತೋಡಿದವರನ್ನು ಕರೆಸಿ ತೋರಿಸಬೇಕಾಯಿತು. ಕೈಯಲ್ಲಿ ಅದೇ ಚೀಲವಿತ್ತು.

ಯಾಜಕನೂ ಸೇರಿದಂತೆ ಯಾರೂ ಸ್ವಂತ ಅಧಿಕಾರದಿಂದ ಆರಾಧನಾ ವಿಧಿಗೆ ಏನನ್ನೂ ಸೇರಿಸಬಾರದು, ತೆಗೆಯಬಾರದು, ಬದಲಿಸಬಾರದೆಂದು ಅದೇ ಮಹಾಸಭೆ ವಿಧಿಸಿದೆ. ಆ ನಿಯಮದ ಒಳಗಿದ್ದುಕೊಂಡೇ ನಾವು ಈ ವಿಮರ್ಶೆಯನ್ನು ಬರೆಯುತ್ತಿದ್ದೇವೆ. ವಾಚನ ಕ್ರಮದ ಪರಿಷ್ಕರಣೆ ನಡೆಯುವ ದಿನ ಈ ಒಂದು ವಚನವನ್ನು ಮರಳಿ ಸೇರಿಸುವ ಬಿನ್ನಹ ನಮ್ಮ ಧರ್ಮಾಧ್ಯಕ್ಷರುಗಳ ಮೂಲಕ ಹೋಗಲೆಂದು ಕೋರುತ್ತೇವೆ. ಅಲ್ಲಿಯವರೆಗೆ ಪ್ರಬೋಧನೆಗೆ ಅಂಥ ಕಟ್ಟಳೆಯಿಲ್ಲ. ‘ಬಿ’ ವರ್ಷದ ಮುಂದಿನ ಜಾಗರಣೆ 2027ರ ಮಾರ್ಚ್ 27ರ ರಾತ್ರಿ. ವಾಚನವನ್ನು ಗ್ರಂಥದಲ್ಲಿರುವಂತೆ ಏಳಕ್ಕೇ ನಿಲ್ಲಿಸುತ್ತೇವೆ. ಪ್ರಬೋಧನೆಯನ್ನು ಎಂಟನೆಯದರಿಂದ ಆರಂಭಿಸುತ್ತೇವೆ.